ಎಡಕ್ಕೆ ವಾಲಿದ ನಂಬರು

ಆಚಾರ್ರೇ,

ಇದು ಕುಶಲ ಕೇಳುವ ಪತ್ರವಲ್ಲ. ನೀವು ಹೋದ ಮೇಲೆ ಪ್ರತಿ ನವೆಂಬರಿನಲ್ಲಿ, ನಮ್ಮ ಇಗರ್ಜಿಯವರು ಸತ್ತವರಿಗಾಗಿ ಮೇಣದಬತ್ತಿ ಹಚ್ಚುವ ದಿನ, ನಿಮ್ಮ ಹೆಸರಿನಲ್ಲೂ ಒಂದು ಹಚ್ಚಿದ್ದೇನೆ. ಆಚಾರಿಯವರಿಗೆ ಯಾಕೆ ನಮ್ಮ ಮೇಣದಬತ್ತಿ ಎಂದು ನನ್ನ ಹೆಂಡತಿ ರೀಟಾ ಕೇಳಿದ್ದಕ್ಕೆ, ಗುರುವಿಗೆ ಜಾತಿಯಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಈ ವರ್ಷ ಹಚ್ಚಲಿಲ್ಲ. ಯಾಕೆಂದು ನಿಮಗೆ ಚೆನ್ನಾಗಿ ಗೊತ್ತಿದೆ. ಆದರೆ ಏನೂ ಗೊತ್ತಿಲ್ಲದವರ ಹಾಗೆ ಕನ್ನಡಕ ಒರೆಸುತ್ತಾ ಕೂರುವುದು ನಿಮಗೆ ಹಳೆಯ ಅಭ್ಯಾಸ. ಹಾಗಾಗಿ ಮೊದಲಿನಿಂದಲೇ ಬರೆಯುತ್ತೇನೆ.

ಈ ಅರಬ್ ದೇಶಕ್ಕೆ, ವಾದಿ ಕಬೀರಿನ ವರ್ಕ್‌ಶಾಪಿಗೆ ನಾನು ಟರ್ನರ್ ಆಗಿ ಬಂದ ಮೊದಲ ದಿನ ನೆನಪಿದೆಯೇ? ಮುಂದಿನ ಶೆಡ್ಡಿನಲ್ಲಿ ಪಂಪು, ಗೇರ್‌ಬಾಕ್ಸು. ಹಿಂದಿನ ಬೀಗ ಹಾಕಿದ ಕೋಣೆಯಲ್ಲಿ ಮಾತ್ರ ನಮ್ಮ ವೀಸಾದ ಧಣಿ, ಕಫೀಲ್ ಹಮೂದ್ ಅವರ ಹುಚ್ಚು. ನಾವೆಲ್ಲ ಅರ್ಬಾಬ್ ಎಂದು ಕರೆಯುತ್ತಿದ್ದ ಅವರು ರಸ್ತೆ ಕಾಂಟ್ರಾಕ್ಟಿನಲ್ಲಿ ದುಡಿದದ್ದನ್ನು ಹಳೆಯ ಮೆಶಿನ್ ಗನ್ನುಗಳಿಗೆ ಸುರಿಯುತ್ತಿದ್ದರು. ಎಲ್ಲವೂ ನಳಿಗೆ ವೆಲ್ಡ್ ಮಾಡಿ ಮುಚ್ಚಿದವು, ಎಲ್ಲಕ್ಕೂ ಪೊಲೀಸ್ ಕಾಗದ, ಒಂದೂ ಇನ್ನು ಗುಂಡು ಹಾರಿಸುವಂಥದ್ದಲ್ಲ. ಅವುಗಳ ತುಕ್ಕು ತೆಗೆದು, ಕಳೆದುಹೋದ ಭಾಗ ಮಾಡಿ ಕೂರಿಸುವುದು ನಿಮ್ಮ ಕೆಲಸ. ಆ ದಿನ ನೀವು ಒಂದು ಗನ್ನಿನ ಬಾಡಿ, ನಳಿಗೆ, ಮರದ ಬಟ್ ಮೂರರ ಮೇಲೂ ಇದ್ದ ಅಂಕಿಗಳನ್ನು ನನಗೆ ತೋರಿಸಿ ಹೇಳಿದಿರಿ: "ನೋಡು ಲ್ಯಾನ್ಸಿ, ಮೂರೂ ಕಡೆ ಒಂದೇ ನಂಬರ್ ಇದ್ರೆ ಅದಕ್ಕೆ ಮರ್ಯಾದೆ. ಬೇರೆ ಬೇರೆ ಇದ್ರೆ ಅದು ಗುಜರಿ ಮಾರಾಯ. ನಂಬರ್ ಸರಿ ಉಂಟಾ, ಎಲ್ಲ ಸರಿ ಉಂಟು." ನಾನು ಅದನ್ನು ವೇದವಾಕ್ಯವೆಂದು ನಂಬಿದೆ.

ಅರ್ಬಾಬರ ಅಲ್ ಮವಾಲೇಹ್ ಮನೆಗೆ ಗನ್ನು ತಲುಪಿಸಲು ಹೋದಾಗಲೆಲ್ಲ ನಮಗೆ ಅತಿಥಿಗಳು ಕೂರುವ ಮಜ್ಲಿಸಿನಲ್ಲಿ, ಅವರ ಜೊತೆ, ಖರ್ಜೂರ ಮತ್ತು ಕಾವಾ ಕಾಫಿ ಸಿಗುತ್ತಿತ್ತು. ಅರ್ಬಾಬ್ ಗೋಡೆಯ ಮೇಲಿನ ಒಂದೊಂದನ್ನೂ ತೋರಿಸಿ ಅದು ಯಾವ ಕಾರ್ಖಾನೆಯದು, ಯಾವ ಪಡೆಯದು ಎಂದು ವಿವರಿಸುತ್ತಿದ್ದರು. ನಿಮ್ಮ ಹೆಸರು ಬರುತ್ತಿರಲಿಲ್ಲ. ವಾಪಸು ಬರುವಾಗ ಪಿಕಪ್ಪಿನಲ್ಲಿ ನಿಮ್ಮ ಗೊಣಗಾಟ ಶುರು. ಮಾಡಿದ ಕಂಪನಿಯ ಹೆಸರುಂಟು, ಹೊತ್ತ ಸಿಪಾಯಿಯ ನಂಬರುಂಟು, ಸತ್ತದ್ದನ್ನು ಎಬ್ಬಿಸಿ ಕೂರಿಸಿದ ಆಚಾರಿಯ ಹೆಸರು ಎಲ್ಲಿಯೂ ಇಲ್ಲ ಎಂದು ರೂವಿಯ ಸಿಗ್ನಲ್ಲು ಬರುವವರೆಗೂ ಹೇಳುತ್ತಲೇ ಇರುತ್ತಿದ್ದಿರಿ. ಆಗ ನನಗೆ ನಿಮ್ಮ ಮೇಲೆ ಕನಿಕರ ಬರುತ್ತಿತ್ತು, ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅರ್ಬಾಬ್ ತಮ್ಮ ಅಪ್ಪನ ಪುಸ್ತಕ ತೋರಿಸಿದ ಮಧ್ಯಾಹ್ನವನ್ನು ನೀವು ಮರೆತಿರಲಾರಿರಿ. ಅಂಗೈಯಷ್ಟು ದೊಡ್ಡ, ಬೆವರಿಗೆ ಕಂದಿದ ಸಿಪಾಯಿ ಪುಸ್ತಕ. ಅವರಪ್ಪ ಹಿಂದೆ ಬೆಟ್ಟದ ಮೇಲಿನ ಕಾಳಗದಲ್ಲಿ ಬ್ರೆನ್ ಹೊತ್ತಿದ್ದವರು. ಬ್ರೆನ್ ಅಂದರೆ ನೆತ್ತಿಯ ಮೇಲೆ ಬಾಗಿದ ಮ್ಯಾಗಜೀನ್ ಕೂರುವ, ಒಬ್ಬನೇ ಹೊರಬಹುದಾದ ಮೆಶಿನ್ ಗನ್. ಅದರ ನಂಬರು ಆ ಪುಸ್ತಕದಲ್ಲಿತ್ತು: 4173. ಅರ್ಬಾಬರಿಗೆ ಆರು ವರ್ಷವಾಗಿದ್ದಾಗ ಅಪ್ಪ ತೀರಿಹೋಗಿದ್ದರು, ಒಂದು ಫೋಟೋ ಕೂಡ ಇರಲಿಲ್ಲ. ನಿಜ್ವಾದಿಂದ ಸೂರ್‌ವರೆಗೆ ಹಳೆಯ ಬಂದೂಕು ಮಾರುವವರ ಹತ್ತಿರವೆಲ್ಲ ಅವರು ಹುಡುಕುತ್ತಿದ್ದದ್ದು ಆ ಒಂದು ನಂಬರನ್ನು. ಈ ಹವ್ಯಾಸವೆಲ್ಲ ಅಲ್ಲಿಂದಲೇ ಹುಟ್ಟಿದ್ದು ಎಂದು ಅವರು ಹೇಳುವಾಗ ನೀವು ತಲೆಯಾಡಿಸುತ್ತಾ ಕುಳಿತಿದ್ದಿರಿ.

ನಿಮಗೆ ಅರುವತ್ತು ತುಂಬಲು ಎರಡು ತಿಂಗಳಿದ್ದಾಗ ವೀಸಾ ಮುಂದುವರಿಯುವುದು ಕಷ್ಟ ಎಂದು ಆಫೀಸಿನವರು ಹೇಳಿದರು. ಅದಾದ ಮೂರನೆಯ ವಾರ, ಏನಾಶ್ಚರ್ಯ, 4173 ಸಿಕ್ಕಿಬಿಟ್ಟಿತು. ಎಲ್ಲಿ ಸಿಕ್ಕಿತು ಎಂದು ನಾನು ಕೇಳಬೇಕಾಗಿರಲಿಲ್ಲ. ನಿಜ್ವಾದಿಂದ ಬಂದಿದ್ದ, ನಂಬರು ಸವೆದುಹೋಗಿದ್ದ ಒಂದು ಬ್ರೆನ್ ಬೆಂಚಿನ ಮೇಲಿತ್ತು. ಶುಕ್ರವಾರ, ರಜೆ, ವರ್ಕ್‌ಶಾಪಿನಲ್ಲಿ ನಾವಿಬ್ಬರೇ. ಬೆಂಚಿನ ವೈಸಿನಲ್ಲಿ ಬಿಗಿದು ಗಟ್ಟಿ ಹಿಡಿ ಅಂದಿರಿ, ಹಿಡಿದೆ. ಎಡಗೈಯಲ್ಲಿ ಸುತ್ತಿಗೆ ಹಿಡಿದು ಒಂದೊಂದೇ ಅಂಕಿಯ ಪಂಚ್ ಇಟ್ಟು ಹೊಡೆದಿರಿ. ಎಡಗೈಯವರಾದ್ದರಿಂದ ನಿಮ್ಮ ಅಂಕಿಗಳು ಯಾವಾಗಲೂ ಒಂದು ಕೂದಲೆಳೆ ಎಡಕ್ಕೆ ವಾಲುತ್ತವೆ. ನನಗೆ ಮಾತ್ರ ಗೊತ್ತಾಗುವಷ್ಟು. ನಾನು ಏನೋ ಹೇಳಲು ಬಾಯಿ ತೆರೆದಾಗ, "ಮುದುಕನಿಗೆ ಅಪ್ಪ ಸಿಗ್ತಾರಲ್ಲ, ನಿಂದೆಂತ ಹೋಗುದು?" ಅಂದಿರಿ.

ನಿಜ ಹೇಳಿ, ಅದು ಮುದುಕನ ಸಂತೋಷಕ್ಕೋ, ನಿಮ್ಮ ವೀಸಾಕ್ಕೋ? ಅಥವಾ ನಿಮ್ಮಿಂದ ಆಗುತ್ತದೆ ಎಂದು ನಿಮಗೇ ತೋರಿಸಿಕೊಳ್ಳಲು...

ಅದನ್ನು ಕೈಗೆ ಕೊಟ್ಟ ದಿನ ಅರ್ಬಾಬ್ ಮಗುವಿನಂತೆ ಅತ್ತರು. ಪುಸ್ತಕ ತೆರೆದು ನಂಬರು ಹೋಲಿಸಿ ನೋಡಿದ್ದು ಅದೊಂದೇ ಸಲ. ಅಷ್ಟು ಜನರ ಮುಂದೆ ನಿಮ್ಮ ಹಣೆಗೆ ಮುತ್ತಿಟ್ಟರು, ನೀವು ಇಡಿಸಿಕೊಂಡಿರಿ. ನಿಮ್ಮ ವೀಸಾಕ್ಕಾಗಿ ತಾವೇ ಆಫೀಸಿನಿಂದ ಆಫೀಸಿಗೆ ಅಲೆದರು. ಮೂರು ವರ್ಷದ ನಂತರ ನೀವು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಉಡುಪಿಗೆ ಹೊರಟ ಪೆಟ್ಟಿಗೆಯ ಜೊತೆ ವಿಮಾನ ನಿಲ್ದಾಣದವರೆಗೆ ಬಂದರು. "ನನ್ನ ಅಪ್ಪನನ್ನು ಮನೆಗೆ ಕರೆತಂದವನು" ಎಂದು ವರ್ಕ್‌ಶಾಪಿನ ಗೋಡೆಗೆ ನಿಮ್ಮ ಫೋಟೋ ಹಾಕಿಸಿದರು. ಅದರ ಕೆಳಗೆ ನಾಲ್ಕು ವರ್ಷ ಲೇಥ್ ತಿರುಗಿಸಿದವನು ನಾನು. ಕತ್ತೆತ್ತಿದರೆ ನಿಮ್ಮ ಮುಖ. ಹಾಗಾದರೆ ನೀನೇಕೆ ಬಾಯಿ ಬಿಡಲಿಲ್ಲ ಎನ್ನುತ್ತೀರಾ? ಹೆದರಿಕೆ, ಮತ್ತೇನು. ವೈಸಿನಲ್ಲಿ ಹಿಡಿದ ಕೈ ನನ್ನದೇ.

ಎಣ್ಣೆ ಬೆಲೆ ಕುಸಿದದ್ದನ್ನು ನೀವು ನೋಡಲಿಲ್ಲ, ಪುಣ್ಯವಂತರು. ಸರ್ಕಾರದ ರಸ್ತೆ ಕೆಲಸಗಳು ಅರ್ಧಕ್ಕೆ ನಿಂತವು. ನಮ್ಮ ನಲವತ್ತು ಜನರಲ್ಲಿ ಹದಿನೆಂಟು ಜನ ಉಳಿದೆವು. ದಿನಾ ಯಾರಾದರೊಬ್ಬರು ವೀಸಾ ರದ್ದಾಗಿ ಫೈನಲ್ ಎಕ್ಸಿಟ್ ಕಾಗದ ಹಿಡಿದು ಬಂದು ಕೈಕುಲುಕಿ ಹೋಗುತ್ತಿದ್ದರು. ನನ್ನ ಮಗಳು ಶೆರಿಲ್ ಇಲ್ಲಿಯ ಶಾಲೆಯಲ್ಲಿ ಹತ್ತನೇ ಕ್ಲಾಸು. ನಡುವಿನಲ್ಲಿ ಕಿತ್ತುಕೊಂಡು ಊರಿಗೆ ಹೋಗುವುದೆಂದರೆ ಅವಳ ವರ್ಷ ಮಣ್ಣು, ಕಫೀಲನ ಒಪ್ಪಿಗೆಯಿಲ್ಲದೆ ಹೋದರೆ ನಾನು ಎರಡು ವರ್ಷ ಈ ದೇಶಕ್ಕೆ ಕಾಲಿಡುವಂತಿಲ್ಲ. ಉಳಿದವರಿಗೆ ಸಂಬಳ ಕೊಡಲು ಅರ್ಬಾಬ್ ಗೋಡೆಯ ಗನ್ನುಗಳನ್ನು ಒಂದೊಂದಾಗಿ ಸೊಹಾರಿನ ಒಬ್ಬ ಸಂಗ್ರಹಕಾರರಿಗೆ ಮಾರಿದರು. ಬ್ರೆನ್ ಮಾತ್ರ ಕೊಡಲಿಲ್ಲ. ಖಾಲಿ ಮೊಳೆಗಳ ನಡುವೆ ಅದೊಂದೇ ಉಳಿಯಿತು.

ರಂಜಾನಿನ ಕೊನೆಯ ವಾರ ಅದೇ ಸೊಹಾರಿನವರು ಒಂದು ಹಳೆಯ ಬ್ರೆನ್ ತಂದು, ಸ್ವಚ್ಛ ಮಾಡಿಡು, ಈದ್ ಮುಗಿದ ಮೇಲೆ ಒಯ್ಯುತ್ತೇನೆ ಎಂದು ಬಿಟ್ಟುಹೋದರು. ಯಾರೋ ಅದಕ್ಕೆ ಗೋಡೆಗೆ ಹಚ್ಚುವ ಹಸಿರು ಬಣ್ಣ ಬಳಿದಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಬಣ್ಣ ಕೆರೆಯಲು ಕೂತೆ. ಮೊದಲು ನಾಲ್ಕು ಕಂಡಿತು. ಆಮೇಲೆ ಒಂದು. ಏಳು ಕಾಣುತ್ತಲೇ ಉಳಿದ ಬಣ್ಣವನ್ನು ಉಗುರಿನಿಂದಲೇ ಕಿತ್ತೆ. ಬಾಡಿಯ ಮೇಲೆ, ನಳಿಗೆಯ ಮೇಲೆ, ಬಟ್ಟಿನ ಮೇಲೆ, ಮೂರೂ ಕಡೆ 4173. ಕಾರ್ಖಾನೆಯ ಅಂಕಿಗಳು, ಒಂದೂ ವಾಲಿರಲಿಲ್ಲ. ತಲೆಯೆತ್ತಿ ನಿಮ್ಮ ಫೋಟೋ ನೋಡಿದೆ. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ, ತುಳುವಿನಲ್ಲಿ ಅದಕ್ಕಿಂತ ಕೆಟ್ಟದ್ದು ಇಲ್ಲ.

ಎರಡು ದಿನ ಯೋಚಿಸಿ ನಾನು ಮಾಡಿದ್ದು ಏನು ಗೊತ್ತೇ? ನಿಮ್ಮ ಶಿಷ್ಯ ಮಾಡುವುದನ್ನೇ. ಪ್ರತಿ ಈದ್‌ಗೆ ಮೊದಲು ಅರ್ಬಾಬರ ಬ್ರೆನ್ ಎಣ್ಣೆ ಹಚ್ಚಿಸಿಕೊಳ್ಳಲು ವರ್ಕ್‌ಶಾಪಿಗೆ ಬರುತ್ತಿತ್ತಲ್ಲ. ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು, ನಿಜವಾದದ್ದನ್ನು ಅರ್ಬಾಬರಿಗೆ ಕಳಿಸಿ, ನಿಮ್ಮದನ್ನು ಸೊಹಾರಿನವರಿಗೆ ಉಳಿಸಿದೆ. ಮಗನಿಗೆ ಅಪ್ಪನದು ಸಿಗುತ್ತದೆ, ನಿಮ್ಮ ಮಾನ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ನಂಬರು ಸರಿ ಇದ್ದರೆ ಎಲ್ಲವೂ ಸರಿ ಎಂದು ಕಲಿಸಿದವರು ನೀವೇ ತಾನೆ?

ಈದ್ ದಿನ ಮಜ್ಲಿಸಿನಲ್ಲಿ ಅರ್ಬಾಬ್ ಎಂದಿನಂತೆ ಮೊದಲು ಬ್ರೆನ್ ಹತ್ತಿರ ಹೋಗಿ ಬಟ್ಟಿನ ಮೇಲೆ ಕೈಯಿಟ್ಟರು. ಕೈ ಅಲ್ಲಿಯೇ ನಿಂತಿತು. ಏಳು ವರ್ಷ ನಮಾಜು ಮುಗಿಸಿ ಬಂದಾಗಲೆಲ್ಲ ಹೆಬ್ಬೆರಳಿನಿಂದ ಒಂದೇ ಜಾಗ ಸವರಿ ಮರದಲ್ಲಿ ಒಂದು ಸಣ್ಣ ಗುಳಿಯಾಗಿತ್ತಂತೆ. ನಾನು ಅದನ್ನು ನೋಡಿಯೇ ಇರಲಿಲ್ಲ, ನೀವು ಬದುಕಿದ್ದರೆ ನೀವೂ ನೋಡುತ್ತಿರಲಿಲ್ಲ. ಅವರು ನಂಬರಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನನ್ನ ಕಡೆ ತಿರುಗಿ, ನಮ್ಮೆಲ್ಲರ ಜೊತೆ ಆಡುವ ಹಿಂದಿಯಲ್ಲಿ, ಮೆಲ್ಲಗೆ ಕೇಳಿದರು: "ಇದು ನನ್ನ ಅಪ್ಪನದ್ದಲ್ಲ. ನನ್ನ ಅಪ್ಪನದ್ದನ್ನು ಯಾರಿಗೆ ಮಾರಿದೆ?"

ಅಂದರೆ ನಾನು ಕಳ್ಳ! ನಿಮ್ಮ ದೆಸೆಯಿಂದ ಇಷ್ಟು ಜನರ ಮುಂದೆ ಆ ಪದವೂ ನನ್ನ ಪಾಲಿಗೆ ಬಂತು. ಪೊಲೀಸು, ಎಕ್ಸಿಟ್, ಶೆರಿಲಳ ಪರೀಕ್ಷೆ, ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಪಾಲಿಶ್ ಮಾಡುವಾಗ ಗುಳಿ ತುಂಬಿದೆ ಎಂದರೆ ಸಾಕಿತ್ತು, ಅದು ಬಾಯಿಗೂ ಬಂದಿತ್ತು. ಆಗ ಅನ್ನಿಸಿತು, ಈ ಬಾಯಿ ನನ್ನದೋ ನಿಮ್ಮದೋ ಎಂದು. ಅತಿಥಿಗಳನ್ನು ಬಿಟ್ಟು ಅವರನ್ನು ಒಳಗೆ ಕರೆದು ಎಲ್ಲ ಹೇಳಿದೆ. ಶುಕ್ರವಾರ, ವೈಸು, ನಿಮ್ಮ ಎಡಗೈ, ನನ್ನ ಎರಡು ಕೈ. ಒಂದನ್ನೂ ಮುಚ್ಚಿಡಲಿಲ್ಲ. ನಿಮ್ಮ ಮಾನ ಕಾಯುವ ಗೋಜಿಗೂ ಹೋಗಲಿಲ್ಲ.

ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ತಾವು ಸಲಾಂ ಹೇಳಿದ್ದು ಯಾರಿಗೆ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು ಆಚಾರ್ರೇ, ನೀವು ಉಡುಪಿಯಲ್ಲಿ ಬೂದಿಯಾಗಿ ತಪ್ಪಿಸಿಕೊಂಡಿರಿ.

ಮರುದಿನ ಅರ್ಬಾಬ್ ನನ್ನನ್ನೂ ಎರಡು ಬ್ರೆನ್‌ಗಳನ್ನೂ ಕಾರಿನಲ್ಲಿ ಹಾಕಿಕೊಂಡು ಸೊಹಾರಿಗೆ ಹೊರಟರು. ಅಲ್ಲಿ ಪುಸ್ತಕ ತೆರೆದಿಟ್ಟು, ನಡೆದದ್ದನ್ನೆಲ್ಲ ಹೇಳಿ, ಬದಲಿಗೆ ಏನು ಬೇಕು ಕೇಳಿ ಎಂದರು. ಸೊಹಾರಿನವರು ಪುಸ್ತಕ ನೋಡಿದರು, ನಂಬರು ನೋಡಿದರು, ಕಾವಾ ಬಗ್ಗಿಸಿದರು. ಅಪ್ಪನ ವಸ್ತುವಿಗೆ ಬೆಲೆ ಕಟ್ಟಬೇಡಿ, ಒಯ್ಯಿರಿ ಎಂದರು. ಕೇಳಿದಿರಾ? ನೇರವಾಗಿ ಹೇಳಿದ್ದಕ್ಕೆ ಒಂದು ಲೋಟ ಕಾವಾದಲ್ಲಿ ಮುಗಿದುಹೋಯಿತು. ಪೊಲೀಸ್ ಕಾಗದಗಳನ್ನು ತಿದ್ದಿಸಲು ಇಬ್ಬರೂ ಜೊತೆಯಾಗಿ ಹೋದರು.

ನನ್ನ ಗತಿ ಏನೆಂದು ವಾಪಸು ಬರುವಾಗ ನಾನೇ ಕೇಳಿದೆ. ನಿನ್ನನ್ನು ಕಳಿಸಿದರೆ ಇನ್ನು ಇವಕ್ಕೆ ಎಣ್ಣೆ ಹಚ್ಚುವವರು ಯಾರಿದ್ದಾರೆ ಎಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಈವರೆಗೂ ಅಂದಿಲ್ಲ. ಹಣೆಗೆ ಮುತ್ತಂತೂ ಇಡಲಿಲ್ಲ. ಶೆರಿಲಳ ಪರೀಕ್ಷೆ ಮುಗಿಯಿತು, ನಾನಿನ್ನೂ ಇಲ್ಲಿದ್ದೇನೆ. ವಾದಿ ಕಬೀರಿನಲ್ಲಿ ಕಾರಿನಿಂದ ಇಳಿಯುವಾಗ ನಿಮ್ಮ ಬ್ರೆನ್ ನನ್ನ ಕೈಗೆ ಕೊಟ್ಟು ಒಂದು ಅಪ್ಪಣೆ ಮಾಡಿದರು: "ನನ್ನ ಅಪ್ಪನ ನಂಬರು ಇದರಿಂದ ತೆಗೆ. ಮಾಡಿದವನ ಹೆಸರು ಹಾಕು."

ಹಾಗಾಗಿ ಸುದ್ದಿ ಇದು, ಗುರುಗಳೇ. ನಿಮ್ಮ ಎಡಕ್ಕೆ ವಾಲಿದ 4173 ಈಗ ಇಲ್ಲ. ನಾನೇ ಅರ ಹಿಡಿದು ತೆಗೆದೆ. ಆ ಜಾಗದಲ್ಲಿ ನಿಮ್ಮದೇ ಸುತ್ತಿಗೆ, ನಿಮ್ಮದೇ ಇಂಗ್ಲಿಷ್ ಅಕ್ಷರದ ಪಂಚುಗಳಿಂದ ನಿಮ್ಮ ಹೆಸರನ್ನು ಬರೆದಿದ್ದೇನೆ: ವಿಠಲ ಆಚಾರ್ಯ, ಉಡುಪಿ. ಒಂದಕ್ಷರವೂ ವಾಲಿಲ್ಲ, ನಾನು ಬಲಗೈಯವನು. ಅದು ಮಜ್ಲಿಸಿನಲ್ಲಿ ಅರ್ಬಾಬರ ಅಪ್ಪನ ಬ್ರೆನ್ನಿನ ಕೆಳಗಿನ ಮೊಳೆಯ ಮೇಲಿದೆ. ಬಂದವರೆಲ್ಲ ಇದು ಯಾರು ಎಂದು ಕೇಳುತ್ತಾರೆ. ಅರ್ಬಾಬ್ ಕಾವಾ ಬಗ್ಗಿಸುತ್ತಾ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಈ ಬೇಸಗೆಯಲ್ಲಿ ಸಲಾಲಾದಿಂದ ಬಂದಿದ್ದ ಒಬ್ಬರು ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ಎರಡು ಸಲ ಹೆಸರನ್ನು ಓದಿ, ಬಾಯಿಪಾಠ ಮಾಡಿಕೊಂಡು ಹೋದರು. ಪಿಕಪ್ಪಿನಲ್ಲಿ ಕೂತು ಅಷ್ಟು ವರ್ಷ ಗೊಣಗಿದಿರಲ್ಲ, ಎಲ್ಲಿಯೂ ಹೆಸರಿಲ್ಲ ಎಂದು.

ವರ್ಷಕ್ಕೆರಡು ಸಲ ಎರಡನ್ನೂ ಕೆಳಗಿಳಿಸಿ ಎಣ್ಣೆ ಹಚ್ಚುವವನು ನಾನು. ಮೇಣದಬತ್ತಿ ಇನ್ನು ಹಚ್ಚುವುದಿಲ್ಲ. ಆದರೆ ನನ್ನ ಕೈ ಗಟ್ಟಿ ಇರುವವರೆಗೆ ನಿಮ್ಮ ಹೆಸರಿಗೆ ತುಕ್ಕು ಹಿಡಿಯಲು ಬಿಡುವುದಿಲ್ಲ.

ವೈಸಿನಲ್ಲಿ ಹಿಡಿದವನು,
ಲ್ಯಾನ್ಸಿ