ನಮ್ಮ ಬೆಳಕಿಂಡಿಯಲ್ಲಿ ನಡುರಾತ್ರಿ ಬೆಳಗಾಗುವ ಬಗ್ಗೆ

ನಮ್ಮ ಕೇರಿಗೆ ಬೆಳಕು ದಯಪಾಲಿಸಿದ ವಿದ್ಯುತ್ ಶಾಖಾಧಿಕಾರಿಗಳೇ,

ತಾವು ಹಾಕಿಸಿದ ಬೀದಿದೀಪ ಬೀದಿಯನ್ನು ಬಿಟ್ಟು ನಮ್ಮ ಮನೆಯೊಳಗೆ ಬೀಳುತ್ತಿದೆ. ದೂರು ಇಷ್ಟೇ ಆಗಿದ್ದರೆ ನಾನು ಮುಖದ ಮೇಲೆ ಕೌದಿ ಎಳೆದುಕೊಂಡು ಮಲಗುತ್ತಿದ್ದೆ, ಪತ್ರಿಕೆಯವರಿಗೆ ತೊಂದರೆ ಕೊಡುತ್ತಿರಲಿಲ್ಲ. ಆ ದೀಪದಿಂದ ನಮ್ಮ ಮನೆಯಲ್ಲಿ ಒಬ್ಬರು ಸತ್ತಿದ್ದಾರೆ. ಇನ್ನೊಬ್ಬರು ಅದೇ ದಾರಿಗೆ ಹೊರಟು ನಿಂತಿದ್ದಾರೆ. ಅವರನ್ನು ತಡೆಯಲು ನಾನು ಹನ್ನೊಂದು ತಿಂಗಳಿಂದ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದೇನೆ. ಇದನ್ನೆಲ್ಲ ಮೂರು ಅರ್ಜಿಗಳಲ್ಲಿ ತಮಗೆ ಬರೆದೆ. ತಾವು ಕಿವಿಗೆ ಹಾಕಿಕೊಳ್ಳಲಿಲ್ಲ, ಆದ್ದರಿಂದ ಈಗ ಹತ್ತು ಮಂದಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಹೇಗಿದ್ದರೂ ತಾವು ಅದನ್ನೇ ಎತ್ತಿ ತೋರಿಸುವವರು. ದೀಪ ಬೇಡಿದವನು ನಾನೇ. ಗುಡಗೇರಿ ಸ್ಟೇಷನ್ನಿನಿಂದ ಮೂರು ಮೈಲು ದೂರದ ಈ ಊರಿನ ಕನ್ನಡ ಶಾಲೆಯ ಮಾಸ್ತರ ನಾನು, ನಮ್ಮ ಕೇರಿಯಲ್ಲಿ ಸರಕಾರದ ಪಗಾರ ಕಂಡ ಮೊದಲನೆಯವನು. ಮೇಲಿನ ಓಣಿಗಳಿಗೆ ದೀಪ ಬಂದು ಹನ್ನೆರಡು ವರ್ಷವಾಗಿದ್ದರೂ ತಂತಿ ನಮ್ಮ ಕೇರಿಯ ಮೂಲೆಯ ತನಕ ಬಂದು ಅಲ್ಲಿಯೇ ನಿಂತಿತ್ತು. ಅದಕ್ಕೇನು ದಣಿವಾಗಿತ್ತೋ, ಮೈಲಿಗೆಯ ಭಯವಿತ್ತೋ, ತಮ್ಮ ಕಡತಗಳಿಗೇ ಗೊತ್ತು. ಏಳು ವರ್ಷದಲ್ಲಿ ಹನ್ನೊಂದು ಅರ್ಜಿ ಬರೆದೆ. ಹಾವು ಕಡಿದವರ ಹೆಸರು ಬರೆದೆ, ಕತ್ತಲಲ್ಲಿ ಬಯಲಿಗೆ ಹೋಗುವ ಹೆಂಗಸರ ಪಾಡು ಬರೆದೆ. ಮೂರು ಮೂಲೆಗೆ ಮೂರು ಸಣ್ಣ ಬಲ್ಬು ಕೇಳಿದೆ. ಎಂಬತ್ತಾರರ ದೀಪಾವಳಿಗೆ ತಾವು ಒಂದೇ ಕಂಬ ನೆಟ್ಟು, ಒಂದು ಭಾರಿ ಮರ್ಕ್ಯುರಿ ದೀಪ ಏರಿಸಿ, ಮೂರಕ್ಕೂ ಇದೊಂದೇ ಸಾಕೆಂದು ಹೊರಟುಹೋದಿರಿ. ಕಂಬ ನಮ್ಮ ಗೋಡೆಯಿಂದ ನಾಲ್ಕು ಅಡಿ. ದೀಪ ಸರಿಯಾಗಿ ನಮ್ಮ ಮಾಳಿಗೆಯ ಮೇಲೆ. ಆ ರಾತ್ರಿ ಕೇರಿಯವರೆಲ್ಲ ಕಂಬಕ್ಕೆ ಕಾಯಿ ಒಡೆದರು, ಅದರಲ್ಲಿ ಒಂದು ನನ್ನದು.

ಕ್ವಾರ್ಟರ್ಸಿನಲ್ಲಿ ಇರುವವರಿಗೆ ನಮ್ಮ ಮನೆಗಳ ರೀತಿ ತಿಳಿದಿರಲಿಕ್ಕಿಲ್ಲ. ಮಣ್ಣಿನ ಮಾಳಿಗೆಯ ನಡುವೆ ಗೇಣಗಲದ ಒಂದು ಕಿಂಡಿ ಬಿಟ್ಟಿರುತ್ತೇವೆ, ಅದೇ ಬೆಳಕಿಂಡಿ. ಒಲೆಯ ಹೊಗೆ ಅಲ್ಲಿಂದ ಹೊರಗೆ ಹೋಗುತ್ತದೆ, ಹಗಲು ಅಲ್ಲಿಂದ ಒಳಗೆ ಬರುತ್ತದೆ. ನನ್ನ ತಾಯಿ ಫಕೀರವ್ವನಿಗೆ ಅದೇ ಗಡಿಯಾರವಾಗಿತ್ತು. ಅವಳು ನಲವತ್ತು ವರ್ಷ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಕಡಲೆ ಕೀಳುವ ದಿನಗಳಲ್ಲಿ ಇಬ್ಬನಿ ಆರುವ ಮೊದಲೇ ಹೊಲ ಮುಟ್ಟಬೇಕು. ಬಿಸಿಲೇರಿತೆಂದರೆ ಕಾಯಿ ಸಿಡಿದು ಕಾಳು ನೆಲದ ಪಾಲು, ಬೈಗಳು ಹೆಂಗಸರ ಪಾಲು. ಅದಕ್ಕೇ ಬೆಳಕಿಂಡಿ ಬೆಳ್ಳಗಾಗುತ್ತಲೇ ಎದ್ದು, ಬುತ್ತಿ ಕಟ್ಟಿಕೊಂಡು, ಅಂಗೈಗೆ ಸುತ್ತಿಕೊಳ್ಳುವ ಅರಿವೆ ಹೆಗಲಿಗೆ ಹಾಕಿಕೊಂಡು ಹೊರಡುವುದು ಅವಳ ರೂಢಿ. ತಮ್ಮ ದೀಪ ಬಂದ ಮೇಲೆ ಬೆಳಕಿಂಡಿ ಇರುಳೆಲ್ಲ ಬೆಳ್ಳಗೇ ಇರತೊಡಗಿತು. ಅವಳು ಅದನ್ನೂ ಕಲಿತಳು. ಇರುಳೆಲ್ಲ ಇರುವ ಬೆಳಕು ಸರಕಾರದ್ದು, ಕತ್ತಲೆಯಿಂದ ಮೆಲ್ಲಗೆ ಮೂಡುವ ಬೆಳಕು ದೇವರದ್ದು ಎಂದು ಲೆಕ್ಕ ಹಾಕಿಕೊಂಡಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ತಮ್ಮ ದೀಪದ ಗುಣ ಬೇರೆ. ಕರೆಂಟು ಹೋಗಿ ಬಂದರೆ ಅದು ಥಟ್ಟನೆ ಹತ್ತುವುದಿಲ್ಲ. ಮೊದಲು ಒಂದು ನೀಲಿ ಮಬ್ಬು, ಆಮೇಲೆ ಬೂದಿಬಣ್ಣ, ಐದಾರು ನಿಮಿಷಕ್ಕೆ ಪೂರಾ ಬಿಳುಪು. ಬೆಳಗಾಗುವುದೂ ಹಾಗೆಯೇ ಅಲ್ಲವೇ?

ಕಳೆದ ಫೆಬ್ರವರಿಯ ಒಂದು ಸಂಜೆ ಕರೆಂಟು ಹೋಯಿತು. ಮನೆ ಹಳೆಯ ಕಾಲದ ಹಾಗೆ ಕತ್ತಲಾಯಿತು, ಅವ್ವ ನಿಶ್ಚಿಂತೆಯಿಂದ ಮಲಗಿದಳು. ತಮ್ಮದೇ ದಾಖಲೆಯ ಪ್ರಕಾರ ಕರೆಂಟು ಮರಳಿದ್ದು ನಡುರಾತ್ರಿ ಒಂದು ಗಂಟೆ ನಲವತ್ತು ನಿಮಿಷಕ್ಕೆ. ಬೆಳಕಿಂಡಿ ನೀಲಿಯಾಯಿತು, ಬೂದಿಯಾಯಿತು, ಬೆಳ್ಳಗಾಯಿತು. ಅವ್ವ ಎದ್ದು ಹೊರಟಳು. ಜೊತೆಗೆ ಹೋಗಬೇಕಾಗಿದ್ದ ಅವಳ ತಂಗಿ ಮರೆವ್ವ, ನಮ್ಮ ಮನೆಯಲ್ಲೇ ಇರುವ ನನ್ನ ಚಿಗವ್ವ, ಜ್ವರ ಬಂದು ಮಲಗಿದ್ದಳು. “ನೀ ಮುಂದ ನಡಿ ಅಕ್ಕಾ, ಮೈ ತಣ್ಣಗಾದ್ರ ಹಿಂದ ಬರ್ತೇನಿ” ಅಂದಳಂತೆ. ಹೊಲದ ದಾರಿಯಲ್ಲಿ ಕಣ ಕಾಯುತ್ತ ಮಲಗಿದ್ದ ನಮ್ಮ ಕೇರಿಯ ಹಿರಿಯ ಕನಕಪ್ಪ ಕಾಕಾಗೆ ಎರಡರ ರೈಲು ಕೂಗುವ ಹೊತ್ತಿಗೆ ಬಳೆ ಸಪ್ಪಳ ಕೇಳಿತು. ಅವರು ಕರೆಯಲಿಲ್ಲ. “ಈ ಹೊತ್ತಿನ್ಯಾಗ ಒಬ್ಬಾಕಿ ಹೆಣ್ಣಮಗಳು ಹೊಂಟಾಳಂದ್ರ ಅದು ಮನಶ್ಯಾ ಅಲ್ಲ ಅಂತ ತಿಳದ್ನಿ. ಕಂಬಳಿ ಮುಖದ ಮ್ಯಾಲ ಎಳಕೊಂಡು ಉಸರ ಬಿಗಿಹಿಡದ ಮಲಗಿದ್ನಿ” ಎಂದು ಆಮೇಲೆ ಹೇಳಿ ತಲೆ ತಲೆ ಬಡಿದುಕೊಂಡರು. ನಿಜವಾಗಿ ಬೆಳಗಾದ ಮೇಲೆ ಹೋದ ಹೆಂಗಸರಿಗೆ, ಕಟ್ಟೆ ಕುಸಿದ ಹಾಳುಬಾವಿಯ ಬದಿಗೆ ಅವ್ವನ ಒಂದು ಚಪ್ಪಲಿ ಸಿಕ್ಕಿತು.

ಆ ಬಾವಿಯ ಬಾಜುವಿನಲ್ಲಿ ಅವಳು ನಲವತ್ತು ವರ್ಷ ನಡೆದಿದ್ದಳು, ಅಮಾವಾಸ್ಯೆಯ ಮಬ್ಬಿನಲ್ಲಿಯೂ ನಡೆದಿದ್ದಳು. ಕತ್ತಲೆ ಅವಳಿಗೆ ಗೊತ್ತಿತ್ತು. ಅಷ್ಟು ಪ್ರಖರ ಬೆಳಕಿನಿಂದ ಸೀದಾ ಕತ್ತಲೆಗೆ ಇಳಿಯುವುದು ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಕೋರೈಸಿಕೊಂಡು ಹೋದವಳಿಗೆ ಬಾವಿ ಹೇಗೆ ಕಂಡೀತು? ಇದನ್ನು ಅರ್ಜಿಯಲ್ಲಿ ಬರೆದರೆ ತಮ್ಮ ಕಚೇರಿಯಿಂದ ಬಂದ ಉತ್ತರ ಹೀಗಿತ್ತು: ಸದರಿ ದೀಪವನ್ನು ಅರ್ಜಿದಾರರ ಕೋರಿಕೆಯ ಮೇರೆಗೇ ಅಳವಡಿಸಲಾಗಿದ್ದು, ದೂರು ಪರಿಗಣನೆಗೆ ಅರ್ಹವಲ್ಲ. ಖುದ್ದಾಗಿ ಬಂದಾಗ ತಮ್ಮ ಗುಮಾಸ್ತರು ಮುಖ ಎತ್ತದೆಯೇ ಅಂದರು, “ಕತ್ತಲಿದ್ರ ಬೆಳಕು ಬೇಕಂತೀರಿ, ಬೆಳಕು ಬಂದ್ರ ಕತ್ತಲಿ ಬೇಕಂತೀರಿ. ಖರೇನ ಏನ ಬೇಕ್ರಿ ಮಾಸ್ತರ ನಿಮಗ?” ತಾವು ಒಳಗಿನ ಕೋಣೆಯಲ್ಲಿ ಇದ್ದಿರಿ, ಬಾಗಿಲಿಗೆ ದಪ್ಪನೆಯ ಪರದೆ ಇತ್ತು. ತಮ್ಮ ಕಣ್ಣಿಗೆ ಬಿಸಿಲು ಆಗುವುದಿಲ್ಲವಂತೆ.

ಈಗ ಇರುವವರ ಮಾತು. ಕರೆಂಟು ಹೋಗಿ ಬಂದ ಪ್ರತಿ ರಾತ್ರಿ ಬೆಳಕಿಂಡಿ ನೀಲಿಯಾಗುತ್ತಲೇ ಚಿಗವ್ವ ಏಳುತ್ತಾಳೆ. ಬುಟ್ಟಿಯೊಳಗಿನ ರೊಟ್ಟಿ ತೆಗೆದು ಅರಿವೆಯಲ್ಲಿ ಕಟ್ಟುತ್ತಾಳೆ, ಎರಡು ಗಂಟು. ಬಾಗಿಲಿಗೆ ಬಂದು ನನ್ನನ್ನು ದಾಟಲು ನೋಡುತ್ತಾಳೆ. “ಬಿಡೋ, ಅಕ್ಕ ನಿಂತಾಳ. ಎಷ್ಟೊತ್ತು ಕಾಯಬೇಕಾಕಿ?” ಅನ್ನುತ್ತಾಳೆ. ಮೊದಮೊದಲು ನಾನು ಬೈದೆ, ಆಮೇಲೆ ಅತ್ತೆ, ಈಗ ಕೈ ಹಿಡಿದು ಕೂಡಿಸಿಕೊಳ್ಳುತ್ತೇನೆ. ಅವಳ ಕೈ ಕಡಲೆಯ ಹುಳಿ ತಾಗಿ ಬಿರಿದ ಕೈ, ಅವ್ವನ ಕೈಯೂ ಹೀಗೇ ಇತ್ತು. ಸುಳ್ಳೇಕೆ ಹೇಳಲಿ, ಆ ಬೂದಿಬಣ್ಣದ ಐದು ನಿಮಿಷ ನನಗೂ ಹೊರಗೆ ಬಳೆ ಸಪ್ಪಳ ಕೇಳುತ್ತದೆ. ನಾನು ಓದಿದವನು, ಮಕ್ಕಳಿಗೆ ದೆವ್ವ ಇಲ್ಲವೆಂದು ಪಾಠ ಹೇಳುವವನು. ಆದರೂ ಬಾಗಿಲು ತೆರೆದು ನೋಡುವ ಧೈರ್ಯ ಒಂದು ದಿನವೂ ಆಗಿಲ್ಲ.

ಬೆಳಕಿಂಡಿ ಮುಚ್ಚಿಕೊಳ್ಳಬಾರದೇ ಎಂದು ತಾವು ಕೇಳಬಹುದು. ತಗಡು ಮುಚ್ಚಿದೆ. ಹೊಗೆ ಸುತ್ತಿ ನನ್ನ ಮಕ್ಕಳು ಕೆಮ್ಮಿದರು. ಹಗಲೂ ಕತ್ತಲಾದ ಮನೆಯಲ್ಲಿ ಚಿಗವ್ವ ಇರುಳೆಲ್ಲ ಕಣ್ಣು ಮುಚ್ಚದೆ ಕುಳಿತಳು. ಮೂರನೆಯ ದಿನ ತಾನೇ ಮಾಳಿಗೆ ಏರಿ ತಗಡು ಕಿತ್ತು ಕೆಳಗೆ ಒಗೆದಳು. ದೀಪವನ್ನೇ ತೆಗೆಸೋಣವೆಂದು ಕೇರಿಯವರ ಸಹಿ ಕೇಳಲು ಹೋದರೆ ಕನಕಪ್ಪ ಕಾಕಾ ಕಾಗದ ಮುಟ್ಟಲಿಲ್ಲ. “ಇಷ್ಟ್ ವರ್ಷ ಹೊಡದಾಡಿ ತಂದ ಬೆಳಕು ಇದು. ನಾವ ಆರಸಂದ್ರ ಮ್ಯಾಲಿನ ಓಣ್ಯಾವ್ರು ನಗೂದಿಲ್ಲೇನ್ಲೇ? ನಿಮ್ಮವ್ವ ನನಗೂ ತಂಗಿನ. ಆದ್ರ ಸಹಿ ಮಾತ್ರ ಕೇಳಬ್ಯಾಡ” ಅಂದರು. ಅವರ ಮಾತು ಸರಿಯಾಗಿಯೇ ಇದೆ. ದೀಪ ಬಂದಾಗಿನಿಂದ ನಮ್ಮ ಕೇರಿಯಲ್ಲಿ ಯಾರಿಗೂ ಹಾವು ಕಡಿದಿಲ್ಲ. ನಾನು ಕಾಗದ ಹರಿದು ಮನೆಗೆ ಬಂದೆ.

ಮೂರೂ ಅರ್ಜಿಗಳಲ್ಲಿ ನಾನು ಬರೆಯದೆ ಬಿಟ್ಟ ಸಂಗತಿ ಒಂದಿದೆ. ಅಂದು ರಾತ್ರಿ ಅವ್ವ ಹೊರಡುವ ಮೊದಲು ನನ್ನ ತಲೆದಿಂಬಿನ ಹತ್ತಿರ ಬಂದು ಕೇಳಿದಳು, “ಬೆಳಗಾತೇನೋ ಯಪ್ಪಾ?” ನನ್ನ ಕೈಯಲ್ಲಿ ವಾಚು ಇತ್ತು. ಎರಡನೆಯ ಇಯತ್ತೆಯ ಮಕ್ಕಳಿಗೆ ರಟ್ಟಿನ ಗಡಿಯಾರ ಹಿಡಿದು ವೇಳೆ ನೋಡಲು ಕಲಿಸುವವನು ನಾನು. ಅರೆನಿದ್ರೆಯಲ್ಲಿ ವಾಚು ನೋಡಲಿಲ್ಲ, ಬೆಳಕಿಂಡಿ ನೋಡಿದೆ, “ಹೂಂ, ಹೋಗು” ಅಂದೆ, ಮಗ್ಗುಲು ಬದಲಿಸಿದೆ.

ಇದು ನನಗೊಬ್ಬನಿಗೇ ಗೊತ್ತೆಂದು ತಿಳಿದಿದ್ದೆ. ಕಳೆದ ಸೋಮವಾರ ಮುಂಜಾನೆ ಎಂಟು ಗಂಟೆಗೆ, ಬಿಸಿಲು ಒಲೆಯ ತನಕ ಬಂದಿದ್ದಾಗ, ಚಿಗವ್ವ ಎದ್ದು ಕುಳಿತು ಕೇಳಿದಳು, “ಬೆಳಗಾತೇನೋ ಯಪ್ಪಾ?” ವಾಚು ನೋಡಿದೆ. ಬಿಸಿಲು ನೋಡಿದೆ. ಹೌದೆನ್ನಲು ಬಾಯಿ ಬರಲಿಲ್ಲ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಅಂದಳು, “ಹೋಗ್ಲಿ, ಹೇಳಬ್ಯಾಡ. ಆಕೀಗೂ ನೀನ ಹೇಳಿದ್ದಿ.”

ಮಾನ್ಯರೇ, ಕಡಲೆ ಕೀಳುವ ಕಾಲ ಮತ್ತೆ ಬಂದಿದೆ. ದೀಪಕ್ಕೆ ಒಂದು ತಗಡಿನ ಮರೆ ಕಟ್ಟಿಸಿ, ಅದರ ತೋಳನ್ನು ಬೀದಿಯ ಕಡೆಗೆ ತಿರುಗಿಸಿರಿ. ಉಳಿದ ಎರಡು ಮೂಲೆಗೆ ಮೊದಲು ಕೇಳಿದ ಸಣ್ಣ ಬಲ್ಬುಗಳನ್ನು ಹಾಕಿಸಿರಿ. ಏಣಿ ಹಿಡಿದ ಒಬ್ಬ ಲೈನ್‌ಮನ್‌ನಿಗೆ ಅರ್ಧ ದಿನದ ಕೆಲಸ. ಬರುವ ಅಮಾವಾಸ್ಯೆಯೊಳಗೆ ಕಳಿಸಿರಿ. ಅವನು ಯಾವ ಹೊತ್ತಿಗೆ ಬಂದು ಬಾಗಿಲು ಬಡಿದರೂ ನಾನು ಎಚ್ಚರವಾಗಿಯೇ ಇರುತ್ತೇನೆ. ಒಂದು ಮಾತು ಮಾತ್ರ ಅವನಿಗೆ ತಿಳಿಸಿ ಕಳಿಸಿರಿ: ಹೊರಗಿನಿಂದ ಹೆಸರು ಹಿಡಿದು ಕೂಗಲಿ, ಸುಮ್ಮನೆ ಬಾಗಿಲು ಬಡಿದರೆ ನಾನು ತೆರೆಯಲಾರೆ.

ಇಂತಿ,
ತಮಗೆ ಅರ್ಜಿ ಬರೆದವನೂ ತಾಯಿಗೆ ಹೂಂ ಅಂದವನೂ ಆದ
ಗುಡದಪ್ಪ ಮಾಸ್ತರ
ಜನವರಿ ೧೯೮೮