ಸಾವಿರಕ್ಕೆ ಒಬ್ಬರು

ಆಳಂದ
18 ಜುಲೈ 2021

ಚಿರಂಜೀವಿ ತಮ್ಮ ಅಜಯಕುಮಾರನಿಗೆ ಅಕ್ಕ ಶರಣಬಸಮ್ಮನ ಆಶೀರ್ವಾದ.

ಜೇವರ್ಗಿಯಲ್ಲಿ ನೀನು, ನೀತಾ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಫೋನು ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಅವ್ವ ಹೋದ ಮೂರನೇ ವಾರಕ್ಕೆ ಇವರೂ ಹೋದರು. ಅಂದಿನಿಂದ ಫೋನಿನಲ್ಲಿ ಯಾರ ದನಿ ಕೇಳಿದರೂ ಅಳು ಬರುತ್ತದೆ. ಪತ್ರವಾದರೆ ಅಳುತ್ತಲೂ ಬರೆಯಬಹುದು, ನೀನು ನೋಡುವುದಿಲ್ಲ.

ನಮ್ಮ ಮೈತ್ರಿ ಒಂದೇ ಮಾತು ಹಿಡಿದು ಕೂತಿದ್ದಾಳೆ, ಅಪ್ಪನಿಗೆ ನಿಜವಾಗಿ ಆದದ್ದು ಫ್ಲೂ ಹೌದೋ ಅಲ್ಲವೋ ಎಂದು. ಅವಳು ಕಾಲೇಜಿನಲ್ಲಿ ಓದುತ್ತಿರುವುದೇ ಸಂಖ್ಯಾಶಾಸ್ತ್ರ, ಸುಮ್ಮನಾಗು ಎಂದರೆ ಆಗುತ್ತಾಳೆಯೇ? ಮೊದಮೊದಲು ನಾನು ಗದರಿದೆ. ಈಗ ಆ ಪ್ರಶ್ನೆ ನನ್ನನ್ನೂ ಮಲಗಲು ಬಿಡುತ್ತಿಲ್ಲ.

ಹೋದ ವರ್ಷ ನಿನ್ನ ಮೆಡಿಕಲ್ ಅಂಗಡಿಯಲ್ಲಿ ಕೂತು ಜಗಳ ಆಡಿದ್ದೆವಲ್ಲ. ಟಿವಿಯವರು ಸುಮ್ಮನೆ ಹೆದರಿಸುತ್ತಾರೆ, ಫ್ಲೂ ಕೂಡ ವರ್ಷವರ್ಷವೂ ಜನರನ್ನು ಒಯ್ಯುತ್ತದೆ, ಅದನ್ನು ಯಾರು ಎಣಿಸುತ್ತಾರೆ ಎಂದು ನಿನ್ನ ವಾದ. ಎಷ್ಟು ಜನ ಸತ್ತರು ಎಂದಷ್ಟೇ ನೋಡಬೇಡ ಮಹರಾಯ, ಎಷ್ಟು ಜನರಿಗೆ ಬಂದರೆ ಎಷ್ಟು ಜನ ಸತ್ತರು ನೋಡು ಎಂದು ನಾನು. ಫ್ಲೂ ಬಂದ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಹೋಗುತ್ತಾರೆ. ಈ ಹೊಸ ರೋಗದಲ್ಲಿ ಹತ್ತು ಜನರವರೆಗೂ ಹೋಗಬಹುದು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು ಎಂದು ಔಷಧಿ ಡಬ್ಬಿಯ ಮೇಲೆ ಬರೆದು ತೋರಿಸಿದ್ದೆ. ಇವರು ನಮ್ಮಿಬ್ಬರಿಗೂ ಹೌದು ಹೌದು ಎನ್ನುತ್ತ ಇಬ್ಬರ ಪಾಲಿನ ಮಿರ್ಚಿಯನ್ನೂ ತಿಂದು ಮುಗಿಸಿದ್ದರು.

ಅವ್ವ ನಿನ್ನ ಮನೆಯಲ್ಲಿ ಕಣ್ಣು ಮುಚ್ಚಿದಾಗ ನೀನು ಫ್ಲೂ ಎಂದೆ. ಮೆಡಿಕಲ್ ಇಟ್ಟವನ ಮಾತು, ಯಾರು ಎರಡನೇ ಸಲ ಕೇಳುತ್ತಾರೆ? ನಮ್ಮೂರು ನಿಂಬರ್ಗಾಕ್ಕೆ ತಂದು, ನಮ್ಮಲ್ಲಿಯ ಪದ್ಧತಿಯಂತೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದೆವು. ಕುತ್ತಿಗೆ ನಿಲ್ಲಲೊಲ್ಲದು. ನೀನು ಅಳುತ್ತ ಅಂಗಳದಲ್ಲೇ ನಿಂತೆ. ಕೊನೆಗೆ ಇವರೇ ಹಿಂದೆ ಕೂತು, ಭಜನೆ ಮುಗಿಯುವವರೆಗೆ ಅವ್ವನ ತಲೆಯನ್ನು ಎದೆಗೆ ಒರಗಿಸಿಕೊಂಡಿದ್ದರು. ಹೆತ್ತ ಮಗನಂತೆ ಮಾಡಿದರು ಎಂದು ಊರೆಲ್ಲ ಆಡಿಕೊಂಡಿತು.

ಮರುವಾರ ಇವರಿಗೆ ಜ್ವರ. ಕಲಬುರಗಿಗೆ ಹೋಗೋಣ ಎಂದು ನಾನು ಜೀವ ತಿಂದೆ. ಇವರು ಕಷಾಯ ಕುಡಿದು ನಕ್ಕರು.

"ಫ್ಲೂನೇ ಅಲ್ಲೇನು? ಸಾವಿರಕ್ಕ ಒಬ್ರಂತ ನೀನೇ ಹೇಳಿದ್ದಿ. ಆ ಒಬ್ಬಾಂವ ನಾನೇ ಆಗ್ತೇನೇನು?"

ಉಸಿರು ಸಿಕ್ಕಿಕೊಂಡ ದಿನ ಗಾಡಿ ಹತ್ತಿಸಿದೆವು. ಆಸ್ಪತ್ರೆ ಮುಟ್ಟಲಿಲ್ಲ.

ಹೋದ ವಾರ ಮನೆ ನೋಡಿ ಬರಲೆಂದು ನಿಂಬರ್ಗಾಕ್ಕೆ ಹೋಗಿದ್ದೆವು. ಮೈತ್ರಿ ಓಣಿ ಓಣಿ ತಿರುಗಿ, ಈ ಬೇಸಿಗೆಯಲ್ಲಿ ಯಾರ ಮನೆಯಲ್ಲಿ ಯಾರು ಹೋದರು, ಯಾವುದರಿಂದ ಹೋದರು ಎಂದು ಕೇಳಿದಳು. ಎಲ್ಲರದೂ ಒಂದೇ ಉತ್ತರ, ಫ್ಲೂ. ಕರೋನಾದಿಂದ ಸತ್ತವರು ನಮ್ಮ ಊರಲ್ಲಿ ಒಬ್ಬರೂ ಇಲ್ಲವಂತೆ! ಬಾಜೂಮನೆಯ ಗೌರಾಬಾಯಿ ಗಂಡನನ್ನು ಕಳೆದುಕೊಂಡಿದ್ದಾಳೆ. ಅವಳು ಬಾಗಿಲು ಅರ್ಧ ಎಳೆದುಕೊಂಡು ನನಗೆ ಹೇಳಿದಳು:

"ಕರೋನಾ ಅಂದ್ರ ಹೆಣ ಮನಿಗಿ ಕೊಡೂದಿಲ್ರಿ ಅಕ್ಕೋರ. ಕೂಡಿಸಿ ಮಣ್ಣ ಮಾಡಬೇಕಲ್ರಿ? ಅದಕ್ಕ ಎಲ್ಲಾರೂ ಫ್ಲೂ ಅಂತೇವ್ರಿ."

ಅಜಯ, ಇಷ್ಟು ವರ್ಷ ಗಣಿತ ಕಲಿಸಿದವಳು ಅವಳ ಮನೆಯ ಕಟ್ಟೆಯ ಮೇಲೆ ಪೆದ್ದಿಯ ಹಾಗೆ ಕೂತುಬಿಟ್ಟೆ. ಸಾವಿರಕ್ಕೆ ಒಬ್ಬರನ್ನು ಒಯ್ಯುವ ಜ್ವರ ಒಂದು ಓಣಿಯಿಂದ ಇಷ್ಟು ಜನರನ್ನು ಹೇಗೆ ಒಯ್ದೀತು? ನಮ್ಮ ಒಂದೇ ಮನೆಯಿಂದ ಇಬ್ಬರನ್ನು? ಆ ದಿನ ಅವ್ವನ ಪಾದ ಮುಟ್ಟಲು ಬಂದವರೆಲ್ಲ ಕಣ್ಣ ಮುಂದೆ ಬಂದರು. 

ಅವ್ವನಿಗೂ ಅದೇ ಆಗಿದ್ದಿರಬೇಕು. ಪಾಪ, ನಿನಗೂ ಗೊತ್ತಾಗಿರಲಿಕ್ಕಿಲ್ಲ. ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ ತಮ್ಮಾ. ಆದರೆ ಇನ್ನು ಮುಂದೆ ಜ್ವರದ ಗುಳಿಗೆ ಕೇಳಿಕೊಂಡು ಅಂಗಡಿಗೆ ಬಂದವರನ್ನು ಮೊದಲು ಟೆಸ್ಟಿಗೆ ಅಟ್ಟು. ಬೈದರೆ ಬೈಸಿಕೋ.

ನೀತಾಗೆ, ಮಕ್ಕಳಿಗೆ ನನ್ನ ಆಶೀರ್ವಾದ. ಊಟ ತಪ್ಪಿಸಬೇಡ. ಶರಣಬಸವೇಶ್ವರ ನಿನ್ನನ್ನು ನೂರು ವರ್ಷ ಇಟ್ಟಿರಲಿ.

ನಿನ್ನ ಅಕ್ಕ,
ಶರಣಬಸಮ್ಮ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನೀತಾ ಫೋನ್ ಮಾಡಿದಳು. ಯಾಕೋ ಇವತ್ತು ಎತ್ತಿದೆ. ಅತ್ತುಕೊಂಡೇ ಹೇಳಿದಳು, "ಅಕ್ಕಾ, ಅತ್ತೀದು ಟೆಸ್ಟ್ ಮೊದಲೇ ಮಾಡಿಸಿದ್ದೆವ್ರಿ. ಕರೋನಾ ಅಂತ ಬಂದಿತ್ರಿ. ಇವ್ರಿಗೆ ಗೊತ್ತಿತ್ರಿ."

ಮೇಲೆ ಬರೆದದ್ದನ್ನು ಹರಿದು ಹಾಕುವುದಿಲ್ಲ, ಹಾಗೇ ಓದು. ಅವ್ವನನ್ನು ಚೀಲದಲ್ಲಿ ಕಟ್ಟಿ ಒಯ್ಯಬಾರದೆಂದು ಊರಿಗೆ ಸುಳ್ಳು ಹೇಳಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಜ್ವರ ಬಂದ ಮರುದಿನ ಇವರು ನಿನಗೆ ಫೋನ್ ಹಚ್ಚಿದಾಗ ನಾನು ಬಾಜೂಕೇ ಕೂತಿದ್ದೆ. "ಅಜಯಾ, ನಿಮ್ಮ ಅವ್ವಗ ಖರೇನ ಏನಾಗಿತ್ತು ಹೇಳಪಾ" ಎಂದು ಕೇಳಿದರು. ಅಷ್ಟೊತ್ತಿಗೆ ಅವ್ವ ಮಣ್ಣಾಗಿದ್ದಳು, ಅವಳನ್ನು ಇನ್ನು ಯಾರೂ ಒಯ್ಯುತ್ತಿರಲಿಲ್ಲ. ನೀನು ಮತ್ತೆ ಫ್ಲೂ ಎಂದೆ. ಇವರು ನಿನಗೆ ಥ್ಯಾಂಕ್ಸ್ ಹೇಳಿ, ಮಗ್ಗಲು ಬದಲಿಸಿ ಮಲಗಿದರು.