ಬಿಳಿ ಜರಿಹುಳದ ಬೆಲೆ

ಮೊರಬ, ತಾ. ನವಲಗುಂದ
ಬುಧವಾರ, ೨೮ ಡಿಸೆಂಬರ್ ೧೯೮೮

ನಮ್ಮ ಸಾವಂತ್ರಿಯ ಅಪ್ಪನವರಿಗೆ,

ನೀಲಾಳ ನಮಸ್ಕಾರಗಳು. ಮೊದಲು ನಿಮ್ಮ ಕೆಮ್ಮಿನ ಸುದ್ದಿ ಹೇಳಿರಿ, ಉಳಿದದ್ದೆಲ್ಲ ಆಮೇಲೆ. ಗುಜರಿಯಲ್ಲಿ ಹಳೆಯ ಯಂತ್ರ ಒಡೆಯುವಾಗ ಮೂಗಿಗೆ ಅರಿವೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ನಾನು ಕೊಟ್ಟು ಕಳಿಸಿದ ಕರಿಯ ಟವೆಲ್ಲು ಅದಕ್ಕೇ ಇರುವುದು, ಹೆಗಲ ಮೇಲೆ ಹಾಕಿಕೊಂಡು ಮುಂಬೈ ತಿರುಗುವುದಕ್ಕಲ್ಲ. ಖಾನಾವಳಿಯವನು ರೊಟ್ಟಿ ಕೊಡುತ್ತಾನೋ ಬರೀ ಪಾವು ತಿನ್ನಿಸುತ್ತಾನೋ ಅದನ್ನೂ ಬರೆಯಿರಿ. ಇಲ್ಲಿ ನಿಮ್ಮ ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಎಲ್ಲ ಆರಾಮ. ಬಿಳಿಜೋಳ ತೆನೆ ಹಿಡಿದಿದೆ, ಹತ್ತಿ ಕಾಯಿ ಕಟ್ಟಿದೆ. ಮುಂದಿನ ವಾರ ಕಳೆದರೆ ಎಳ್ಳಮಾವಾಸ್ಯೆ. ಎಲ್ಲರ ಮನೆಯವರೂ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ನಾವೂ ಹೋಗುತ್ತೇವೆ, ಬುತ್ತಿ ಕಟ್ಟಿಕೊಂಡು, ನಿಮ್ಮನ್ನು ಬಿಟ್ಟು.

ನಿಮ್ಮ ಪತ್ರ ಬಂತು. ಓದಿದೆ, ಮತ್ತೆ ಓದಿದೆ, ಆಮೇಲೆ ಸಿಟ್ಟು ಬಂದು ಮಡಚಿ ಇಟ್ಟೆ. ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ಆ ಬಿಳಿ ಜರಿಹುಳದ ಸುದ್ದಿ! ಅದನ್ನು ಹೇಗೆ ಇಡಬೇಕು, ಯಾವುದರಲ್ಲಿ ಸುತ್ತಬೇಕು, ಯಾರಿಗೆ ತೋರಿಸಬಾರದು. ಕೊನೆಗೆ ಒಂದು ಸಾಲು: ‘ನೀ ಹೆಂಗ ಅದಿ? ಹುಡುಗಿ ಹೆಂಗ ಐತಿ?’ ಹುಳಕ್ಕೆ ಸಿಕ್ಕ ಮರ್ಯಾದೆ ನಮಗೆ ಸಿಗಲಿಲ್ಲ, ಇರಲಿ.

ಅದಕ್ಕೆ ಆ ಹೆಸರಿಟ್ಟದ್ದು ನಿಮ್ಮ ಅವ್ವ, ನೆನಪಿದೆಯೇ? ನಾಲ್ಕು ವರ್ಷದ ಹಿಂದೆ ನೀವು ಬಿಸ್ಕತ್ತಿನ ಡಬ್ಬಿಯ ತುಂಬ ಅವನ್ನು ಕಳಿಸಿದ್ದಿರಿ. ಆಗ ನಮ್ಮ ಸಾವಂತ್ರಿ ಅಂಬೆಗಾಲಿಡುತ್ತಿದ್ದಳು. ಹಾಲಿನಷ್ಟು ಬೆಳ್ಳಗೆ, ಮೇಲೆ ಬೂದು ಗೆರೆ, ನಡುವೆ ಬಂಗಾರದ ಮುಚ್ಚಳ, ಎರಡೂ ಬದಿಗೆ ಸಾಲಾಗಿ ಹದಿನಾರು ಕಾಲು. ಡಬ್ಬಿ ತೆರೆದದ್ದೇ ಅವ್ವ ‘ಯವ್ವಾ, ಜರಿಹುಳ!’ ಎಂದು ಹಿಂದಕ್ಕೆ ಸರಿದರು. ಆಮೇಲೆ ಸುಧಾರಿಸಿಕೊಂಡು, ‘ನಮ್ಮ ಈರಬಸಪ್ಪ ಕಳಿಸ್ಯಾನಂದ್ರ ಹುಳ ಆದ್ರೂ ಬಂಗಾರದ್ದ ಇರತೈತಿ ಬಿಡವಾ’ ಎಂದರು. ನಿಮ್ಮ ಹೆಸರು ಅವ್ವನ ಬಾಯಿಂದ ಬಂದದ್ದೆಂದು ಇಲ್ಲಿ ಬರೆದೆ, ಇಲ್ಲದಿದ್ದರೆ ಬರೆಯುತ್ತಿದ್ದೆನೇ? ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಮಾತ್ರ ಬೇರೆ ದಾರಿ ಇಲ್ಲ. ಆಗ ಸುತ್ತ ಯಾರೂ ಇಲ್ಲದ್ದನ್ನು ನೋಡಿ ನಿಧಾನಕ್ಕೆ ಬರೆಯುತ್ತೇನೆ. ಪತ್ರ ಬರೆಯುವುದರಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಅದೇ.

ಆಗ ನೀವೇ ಬರೆದಿದ್ದಿರಿ: ಇವು ಆಫೀಸುಗಳಲ್ಲಿ ಲೆಕ್ಕ ಮಾಡುತ್ತಿದ್ದ ಯಂತ್ರಗಳ ಮಿದುಳು, ಹೊಸತಾಗಿ ಬಂದಾಗ ದೊಡ್ಡ ದೊಡ್ಡ ಸಾಹುಕಾರರಷ್ಟೇ ಮುಟ್ಟುವಂಥವು, ಈಗ ಕರಿಯ ಪ್ಲಾಸ್ಟಿಕ್ಕಿನವು ಬುಟ್ಟಿಗಟ್ಟಲೆ ಅಗ್ಗದಲ್ಲಿ ಬಂದಿವೆ, ಬಿಳಿಯವನ್ನು ಕೇಳುವವರಿಲ್ಲ, ಪತ್ತಾರರಿಗೆ ಕೊಟ್ಟು ಬಂಗಾರ ತೆಗೆಸಿ ಹುಡುಗಿಯ ಕಿವಿಗೆ ಏನಾದರೂ ಮಾಡಿಸು ಎಂದು. ಪತ್ತಾರ ಮೌನೇಶಪ್ಪನವರು ಒಂದಿಡೀ ದಿನ ಆ್ಯಸಿಡ್ಡಿನಲ್ಲಿ ಕುದಿಸಿ, ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಕೊನೆಗೆ ತೋರಿಸಿದ್ದು ಒಂದು ಜೋಳದ ಕಾಳು. ‘ಇದು ಬಂಗಾರ ಅಲ್ರೀ ಅಕ್ಕಾರ, ಬಂಗಾರದ ನೆಳ್ಳು’ ಎಂದು ಬೈದುಕೊಂಡೇ ಹುಡುಗಿಯ ಕಿವಿಗೆ ಎರಡು ಚುಕ್ಕಿ ಮಾಡಿಕೊಟ್ಟರು. ಅವತ್ತು ಕುದಿಸದೆ ಒಂದು ಹುಳ ಮಾತ್ರ ಉಳಿಯಿತು. ಸಾವಂತ್ರಿ ಅದನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ, ಬಿಡಿಸಲು ಹೋದರೆ ಮನೆ ಹಾರುವಂತೆ ಅತ್ತಳು.

ಈಗ ನಿಮ್ಮ ಪತ್ರದಲ್ಲಿ ಎಲ್ಲ ತಿರುವುಮುರುವು. ಯಾರೋ ಪರದೇಶದ ಸಾಹೇಬರು ಗುಜರಿಗೆ ಬಂದು ಬೂದು ಗೆರೆಯ ಬಿಳಿಯದೇ ಬೇಕು, ಕೂಡಿಟ್ಟುಕೊಳ್ಳುವುದಕ್ಕೆ ಎಂದು ಹುಡುಕುತ್ತಿದ್ದಾರೆ ಎಂದಿರಿ. ಕುದಿಸಿ ಕುದಿಸಿ ಎಲ್ಲರೂ ಮುಗಿಸಿಬಿಟ್ಟಿದ್ದರಿಂದಲೇ ಉಳಿದದ್ದಕ್ಕೆ ಈ ಬೆಲೆ ಎಂದಿರಿ. ಮೊದಲು ಹೊಸದೆಂದು ದುಬಾರಿ, ಆಮೇಲೆ ಹಳೆಯದೆಂದು ಕಸ, ಈಗ ಕಸದಲ್ಲೂ ಸಿಗುವುದಿಲ್ಲವೆಂದು ಮತ್ತೆ ದುಬಾರಿ. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು, ಇಷ್ಟು ತಿಳಿಯಿತು. ತಿಳಿಯದೇ ಹೋದದ್ದು ಮುಂದಿನದು. ಈಗಲೇ ಮಾರಿದರೆ ಒಂದು ಹೊಲಿಗೆ ಯಂತ್ರದ ಹಣ, ಎರಡು ವರ್ಷ ಹಿಡಿದರೆ ನವಲಗುಂದದ ಸ್ಟ್ಯಾಂಡಿನ ಹತ್ತಿರ ರೇಡಿಯೋ ಟಿವಿ ರಿಪೇರಿಯ ಅಂಗಡಿ. ‘ಅಲ್ಲೀತನಕ ನಾ ಇಲ್ಲೇ ಇರ್ತೇನಿ, ನೀ ಅದನ್ನ ಜ್ವಾಕಿ ಮಾಡು. ಕಾಲು ಸೊಟ್ಟಾದ್ರ ಅರ್ಧಾ ಬೆಲಿ, ಮುರದ್ರ ಮಣ್ಣು.’

ಅಲ್ಲ, ನಾನು ಕೇಳುತ್ತೇನೆ, ಎರಡು ವರ್ಷದ ನಂತರ ಇನ್ನೂ ಏರುತ್ತದೆ ಎಂದರೆ ಏನು ಮಾಡುತ್ತೀರಿ? ಇನ್ನೂ ಎರಡು ವರ್ಷವೇ? ಮದುವೆಯಾದ ಹೊಸದರಲ್ಲಿ ಯುಗಾದಿಗೂ ಬಂದಿರಿ, ದೀಪಾವಳಿಗೂ ಬಂದಿರಿ. ಆಮೇಲೆ ದೀಪಾವಳಿಗೆ ಮಾತ್ರ. ಈ ವರ್ಷ ಅದೂ ಇಲ್ಲ. ಸಿಗುವುದು ಕಡಿಮೆಯಾದಷ್ಟೂ ಬೆಲೆ ಏರುತ್ತದೆ ಎಂಬ ನಿಮ್ಮ ಲೆಕ್ಕ ನನಗೆ ನಿಮ್ಮಿಂದಲೇ ಗೊತ್ತಾಗಿದೆ. ನೀವು ಅಷ್ಟು ದುಬಾರಿ ಆಗಬೇಡಿ. ನನಗೆ ನಿತ್ಯ ಕಣ್ಣೆದುರಿಗೆ ಇರುವ, ಚಹಾ ತಡವಾದರೆ ಗೊಣಗುವ ಅಗ್ಗದ ಗಂಡ ಸಾಕು.

ಬಾಜು ಮನೆಯ ಮೈಮುನಬಿ ನಿಮಗೆ ಗೊತ್ತಲ್ಲ. ನವಲಗುಂದದ ತವರಿನಿಂದ ತಂದ ಜಮಖಾನ ಅವರ ಪಡಸಾಲೆಯಲ್ಲಿದೆ, ಅವರ ಅಜ್ಜಿ ನೇಯ್ದದ್ದು. ಅಂಥದ್ದು ಈಗ ಎಲ್ಲಿಯೂ ಸಿಗುವುದಿಲ್ಲವೆಂದು ಹುಬ್ಬಳ್ಳಿಯವರೊಬ್ಬರು ಬಂದು ಕೇಳಿದರಂತೆ, ಹೇಳಿದ ಬೆಲೆ ಕೊಡುತ್ತೇವೆ ಎಂದರಂತೆ. ಅದಕ್ಕೆ ಈಕೆ, ‘ಇದು ಹಾಸಾಕ ಮಾಡಿದ್ದೈತ್ರಿ, ನಾವು ಹಾಸ್ತೀವಿ. ಕುಂಡ್ರಿ, ಚಾ ಕುಡೀರಿ’ ಎಂದು ಅದರ ಮೇಲೆಯೇ ಕೂಡ್ರಿಸಿ ಕಳಿಸಿದರು. ನಿನ್ನೆ ನಾನೂ ಅದರ ಮೇಲೆ ಕೂತು ನಿಮ್ಮ ಪತ್ರದ ಸುದ್ದಿ ಹೇಳಿಕೊಂಡು ಅತ್ತೆ. ಮೈಮುನಬಿ ನನ್ನ ತಲೆಗೆ ಎಣ್ಣೆ ಹಚ್ಚಿ ಕಳಿಸಿದರು.

ಈಗ ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ಆ ಹುಳ ಇಷ್ಟು ದಿನ ಇದ್ದದ್ದು ನಮ್ಮ ಅಡಿಗೆಮನೆಯಲ್ಲಿ. ನೀವು ಹೋದ ಸಲ ಬಂದು ಹೋದ ಮೇಲೆ ಸಾವಂತ್ರಿ ಕಲಿತ ಆಟ ಅದು. ನಾನು ರೊಟ್ಟಿ ಬಡಿಯುವಾಗ ಕೊನೆಯ ರೊಟ್ಟಿಯನ್ನು ತನ್ನ ಮುಂದೆ ಎಳೆದುಕೊಂಡು, ಹುಳದ ಕಾಲು ಊರಿ ಒತ್ತುತ್ತಾಳೆ. ಎರಡು ಸಾಲು ತೂತು ಬೀಳುತ್ತವೆ. ‘ಇದು ಅಪ್ಪನ ರೊಟ್ಟಿ’ ಎನ್ನುತ್ತಾಳೆ. ನಿಮ್ಮ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ, ನೀವು ಕಳಿಸಿದ್ದು ಎಂಬುದಷ್ಟೇ ಗೊತ್ತು. ಆ ರೊಟ್ಟಿಯನ್ನು ಬೇರೆ ತಾಟಿನಲ್ಲಿ ಮುಚ್ಚಿ ಇಡಬೇಕು, ಯಾರೂ ಮುಟ್ಟಬಾರದು. ಹೊತ್ತು ಏರಿದ ಮೇಲೆ, ಎಲ್ಲರ ಊಟ ಮುಗಿದ ಮೇಲೆ, ಅವಳ ಕಣ್ಣು ತಪ್ಪಿಸಿ ಅದನ್ನು ನಾನೇ ತಿನ್ನುತ್ತೇನೆ. ದಿನಾ ನಿಮ್ಮ ಪಾಲು ತಿಂದು ತಿಂದು ದಪ್ಪಗಾಗಿದ್ದೇನೆ, ಬಂದಾಗ ಗುರುತು ಹಿಡಿಯಿರಿ.

ನಿಮ್ಮ ಪತ್ರ ಬಂದ ದಿನವೇ ಹುಳವನ್ನು ಕಸಿದುಕೊಂಡು, ಅರಳೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೇನೆ. ಕೀಲಿ ನನ್ನ ಸೊಂಟದಲ್ಲಿದೆ. ಹುಡುಗಿ ನಿನ್ನೆಯಿಂದ ಮಾತು ಬಿಟ್ಟಿದ್ದಾಳೆ, ಊಟಕ್ಕೂ ಬರುತ್ತಿಲ್ಲ. ‘ಅಪ್ಪಗ ಇನ್ನ ರೊಟ್ಟಿ ಇಲ್ಲೇನ?’ ಎಂದು ಒಮ್ಮೆ ಕೇಳಿದಳು, ಅಷ್ಟೇ. ಆದರೂ ಇರಲಿ. ಅಂಗಡಿಯ ಆಸೆ ನಿಮಗೆ ಎಷ್ಟಿದೆ ಎಂದು ನನಗೆ ಗೊತ್ತು. ನೀವು ಹೇಳಿದಂತೆ ಜೋಪಾನ ಮಾಡುತ್ತೇನೆ, ಕಾಳಜಿ ಬೇಡ.

ಅವ್ವನ ಆಶೀರ್ವಾದ, ಮೈಮುನಬಿಯ ಸಲಾಮು, ಸಾವಂತ್ರಿಯ ಸಿಟ್ಟು ಎಲ್ಲ ನಿಮಗೆ ಮುಟ್ಟಲಿ. ಟವೆಲ್ಲು ಮೂಗಿಗೆ ಕಟ್ಟಿಕೊಳ್ಳಿರಿ.

ಬಸ್ಸಿನ ಸಪ್ಪಳಕ್ಕೆಲ್ಲ ಹೊರಗೆ ಬಂದು ನೋಡುವ
ನಿಮ್ಮ ನೀಲಾ

ತಾ.ಕ.: ಗುರುವಾರ ಮಧ್ಯಾಹ್ನ. ಟಪಾಲಿನ ಚೀಲ ಹೊರಡುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹುಡುಗಿಯ ಬಾಡಿದ ಮುಖ ನೋಡಲಾರದೆ ಮುಂಜಾನೆ ಕೀಲಿ ತೆಗೆದೆ. ಒಂದೇ ರೊಟ್ಟಿ, ಮೆಲ್ಲಗೆ ಎಂದು ಹೇಳಿ ಕೊಟ್ಟೆ. ಒತ್ತಿದಳು, ನಕ್ಕಳು, ಹೊಟ್ಟೆ ತುಂಬ ಉಂಡಳು. ಈಗ ನಾನು ನಿಮ್ಮ ರೊಟ್ಟಿ ತಿನ್ನುವಾಗ ಹಲ್ಲಿಗೆ ಏನೋ ಕಟಕ್ಕೆಂದಿತು. ತೆಗೆದು ನೋಡಿದರೆ ಒಂದು ಕಾಲು. ಹುಳವನ್ನು ತಂದು ಎಣಿಸಿದೆ, ಹದಿನೈದೇ. ಆಮೇಲೆ, ನಿಮ್ಮಾಣೆ, ನಗು ಬಂತು, ನಿಲ್ಲಿಸಲಾಗದಷ್ಟು. ನಂಬಿಕೆಯಾಗಲೆಂದು ಆ ಕಾಲನ್ನು ಈ ಪತ್ರದಲ್ಲೇ ಇಟ್ಟಿದ್ದೇನೆ, ಬಿಚ್ಚುವಾಗ ಬೀಳೀತು. ನೀವೇ ಹೇಳಿದಂತೆ ಅದು ಈಗ ಮಣ್ಣು. ಕಾದು ಕೂತು ಏರಿಸಬೇಕಾದದ್ದು ಏನೂ ಉಳಿದಿಲ್ಲ. ಹುಳವನ್ನು ಸಾವಂತ್ರಿಗೇ ಕೊಟ್ಟುಬಿಟ್ಟೆ. ನಾಳೆಯೂ ಒತ್ತುತ್ತಾಳೆ, ಒಂದು ತೂತು ಕಡಿಮೆ ಬಿದ್ದೀತು. ಆದರೆ ಆ ರೊಟ್ಟಿ ಇನ್ನು ಮೇಲೆ ನಾನು ತಿನ್ನುವುದಿಲ್ಲ. ತಾಟಿನಲ್ಲಿ ಮುಚ್ಚಿಯೇ ಇರುತ್ತದೆ. ಬಂದು ತಿನ್ನಿರಿ.